ಅತ್ತೆಯಂಗಳದ ಪಿಜೋ

ಅಳಿಯನಾದವನು ಅತ್ತೆಮನೆಯ ಅಂಗಳದಲ್ಲಿ ಕಾರು ರಿಪೇರಿಗೆ ಕೂರಬಾರದು. ಕೂರಲೇಬೇಕಾದರೆ ಆ ಕಾರು ಅತ್ತೆಯದಾಗಿರಬಾರದು. ಅತ್ತೆಯದೇ ಆಗಿದ್ದರೆ, ಅಯ್ಯೋ ದೇವರೇ, ಆ ಅಳಿಯನಿಗೆ ಸಿತಾತಿಗಿದ್ದಂಥ ಸಿಟ್ಟಾದರೂ ಇರಬಾರದು. ಕಿಮಿಲಿಲಿ ಸಂತೆಯ ಸುತ್ತಮುತ್ತ ಇವತ್ತಿಗೂ ಸಿತಾತಿಯ ಹೆಸರೆತ್ತಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಎರಡಕ್ಕೂ ಕಾರಣ ಅದೊಂದೇ ಕಾರು.

ಸಿತಾತಿ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರು. ಮನುಷ್ಯರ ಮೇಲೆ ಅವನು ದನಿ ಎತ್ತಿದ್ದು ಕಡಿಮೆ, ವಸ್ತುಗಳನ್ನು ಮಾತ್ರ ಬಿಡುತ್ತಿರಲಿಲ್ಲ. ಕೆಸರಲ್ಲಿ ಹೂತ ಟ್ರೇಲರಿಗೆ, ಮುರಿದ ಗುದ್ದಲಿಗೆ, ಹತ್ತಿಕೊಳ್ಳದ ಬೆಂಕಿಕಡ್ಡಿಗೆ ಅವರವರ ವಂಶವನ್ನೆಲ್ಲ ಎತ್ತಿ ಬಯ್ಯುತ್ತಿದ್ದ. ಬೈದಾದ ಮೇಲೆ ಕೂತು, ಬೆವರೊರೆಸಿಕೊಂಡು, ಅದನ್ನು ಸರಿಮಾಡಿಯೇ ಏಳುತ್ತಿದ್ದ. ಹಠಮಾರಿ ಎಂದರೆ ಹಠಮಾರಿ.

ಕಾರು ಅವನ ಮಾವ ಮುಖ್ವಾನನದು. ಕಾಫಿ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಮುಖ್ವಾನ, ಬಿಳಿಯರು ಜಮೀನು ಬಿಟ್ಟು ಹೊರಟ ಕಾಲದಲ್ಲಿ ಒಬ್ಬ ದೊರೆಯಿಂದ ಅದನ್ನು ಕೊಂಡಿದ್ದ. ಉದ್ದ ಬಾಲದ ಪಿಜೋ, ಒಳಗೆ ಮೂರು ಸಾಲು ಸೀಟು, ಗೇರು ಸ್ಟೀರಿಂಗಿನ ಪಕ್ಕದಲ್ಲಿ. ಊರಿನ ಹೆರಿಗೆ, ಮದುವೆ, ಹೆಣ ಎಲ್ಲವನ್ನೂ ಹೊತ್ತ ಗಾಡಿ. ಮುಖ್ವಾನ ತೀರಿಕೊಂಡ ಮೇಲೆ ಅದು ಕಣಜದ ಪಕ್ಕ ನಿಂತಿದ್ದು ನಿಂತೇ ಬಿಟ್ಟಿತು. ಮೊಂಬಾಸಾ ಬಂದರಿನಲ್ಲಿ ಕೆಲಸದಲ್ಲಿದ್ದ ಗಂಡುಮಕ್ಕಳು ಪ್ರತಿ ಕ್ರಿಸ್‌ಮಸ್ಸಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಅದರ ಸುತ್ತ ಒಂದು ಸುತ್ತು ಹಾಕಿ, "ಒಳ್ಳೇ ಗಾಡಿ, ಏನಾದ್ರೂ ಮಾಡ್ಬೇಕು" ಎಂದು ಹೇಳಿ, ಊಟ ಮಾಡಿ ಹೊರಟುಹೋಗುತ್ತಿದ್ದರು. ಹಿಂಭಾಗದಲ್ಲಿ ಕೋಳಿಗಳು ಸಂಸಾರ ಹೂಡಿದವು. ಚಕ್ರಗಳ ಗಾಳಿ ಇಳಿದು ಗಾಡಿ ನೆಲಕ್ಕೆ ಕೂತಿತು. ಬಳ್ಳಿಯೊಂದು ಬಂಪರಿನಿಂದ ಹತ್ತಿ ಛಾವಣಿಯ ಮೇಲೆ ಕಾಯಿ ಬಿಟ್ಟಿತು.

ಅತ್ತೆ ನಮರೋಮೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿರದಿದ್ದರೆ ಗಾಡಿ ಹಾಗೇ ಮಣ್ಣಾಗುತ್ತಿತ್ತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಬಲಗಾಲು ಮಡಚಲು ಬರುತ್ತಿರಲಿಲ್ಲ. ಬಾಡಿಗೆ ವ್ಯಾನುಗಳಲ್ಲಿ ಜನರನ್ನು ಮೂಟೆಯಂತೆ ತುಂಬುತ್ತಾರೆ, ಅಲ್ಲಿ ಕಾಲು ಚಾಚಲು ಜಾಗವೆಲ್ಲಿ? ಲಾರಿಯ ಕುಲುಕಾಟ ಅವಳಿಗೆ ಆಗದು. ಅದೇ ಹೊತ್ತಿಗೆ, ಗಡಿಯ ಹತ್ತಿರದ ಲ್ವಾಖಾಖಾದಲ್ಲಿದ್ದ ಅಕ್ಕ ನೆಲಿಮಾ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ತಾಯಿ ಸತ್ತ ಮೇಲೆ ನಮರೋಮೆಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಆ ಅಕ್ಕ. ಸಾಯುವುದರೊಳಗೆ ಅವಳ ಮುಖ ನೋಡಬೇಕು, ನಮರೋಮೆಗೆ ಬೇಕಾಗಿದ್ದು ಅದೊಂದೇ.

"ಒಂದಿಡೀ ಗಾಡಿ ಬಾಡಿಗೆಗೆ ಹಿಡಿಯೋಣಮ್ಮ" ಎಂದಳು ಮಗಳು ನಂಜಾಲಾ.

"ಮನೇಲಿ ಗಾಡಿ ಇಟ್ಕೊಂಡು ಬಾಡಿಗೆ ಗಾಡೀಲಿ ಹೋಗಿ ಇಳೀಲಾ? ಅಕ್ಕ ಏನಂದ್ಕೋತಾಳೆ? ನಿಮ್ಮಪ್ಪ ಇದೇ ಪಿಜೋದಲ್ಲಿ ನನ್ನನ್ನ ಅವಳ ಬಾಗಿಲಿಗೆ ಇಳಿಸ್ತಿದ್ರು. ಇದರಲ್ಲೇ ಹೋಗ್ತೀನಿ. ಹಿಂದೆ ಹಾಸಿಗೆ ಹಾಸಿದ್ರೆ ಕಾಲು ಚಾಚ್ಕೊಂಡು ಮಲಗ್ಬಹುದು. ನಿನ್ನ ಗಂಡನಿಗೆ ಹೇಳು."

ಹೇಳುವುದು ಸುಲಭ. ನಮ್ಮಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಕೈ ಕುಲುಕುವಂತಿಲ್ಲ, ಒಂದೇ ಸೂರಿನಡಿ ಕೂರುವಂತಿಲ್ಲ, ದಾರಿಯಲ್ಲಿ ಎದುರಾದರೆ ಇಬ್ಬರಲ್ಲೊಬ್ಬರು ಜೋಳದ ಹೊಲಕ್ಕೆ ನುಗ್ಗಬೇಕು. ಅದು ದ್ವೇಷವಲ್ಲ, ಮರ್ಯಾದೆ. ಮಗಳನ್ನು ಹೆತ್ತವಳ ಮುಂದೆ ಅವಳನ್ನು ಕಟ್ಟಿಕೊಂಡವನಿಗೆ ನಾಚಿಕೆಯಿರಬೇಕು, ಅಷ್ಟೆ. ಮೀರಿದರೆ ಮಕ್ಕಳಿಗೆ ಕೇಡು ಎನ್ನುತ್ತಾರೆ. ಸಿತಾತಿ ನಂಜಾಲಾಳ ಕೈ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಅತ್ತೆಯ ಬೆನ್ನು ಎರಡು ಸಲ ಕಂಡಿದ್ದ, ಮುಖ ಕಂಡಿರಲಿಲ್ಲ.

ಅಂಥವನು ಪ್ರತಿ ಶನಿವಾರ ಸ್ಪಾನರ್ ಚೀಲ ಹೊತ್ತು ಹೆಂಡತಿಯೊಂದಿಗೆ ಅತ್ತೆಯ ಅಂಗಳಕ್ಕೆ ಬಂದ. ಬೇಲಿಯ ಬಾಗಿಲಲ್ಲಿ ನಿಂತು ಜೋರಾಗಿ ಕೆಮ್ಮಬೇಕು, ಕೆಮ್ಮು ಕೇಳಿದ ಅತ್ತೆ ಊರುಗೋಲು ಹಿಡಿದು ಅಡುಗೆ ಗುಡಿಸಲು ಸೇರಿಕೊಳ್ಳಬೇಕು. ಸೊಂಟ ಹೋದ ಮುದುಕಿ ಎಷ್ಟು ಬೇಗ ಸೇರಿಯಾಳು? ಅವಳು ಒಳಗಾಗುವವರೆಗೂ ಇವನು ಹೊರಗೆ ಕೆಮ್ಮುತ್ತಲೇ ಇರಬೇಕು. ಅಳಿಯನಿಗೆ ಎದೆರೋಗವಂತೆ ಎಂದು ಸಂತೆಯಲ್ಲಿ ಸುದ್ದಿಯೇ ಆಯಿತು.

ಊಟದ ಗೋಳು ಇನ್ನೊಂದು. ಅಳಿಯ ಬಂದನೆಂದರೆ ಕೋಳಿ ಕೊಯ್ಯಲೇಬೇಕು. "ಮುದ್ದೆ ಸೊಪ್ಪು ಸಾಕು ಅಂತ ಹೇಳೇ" ಎಂದು ಸಿತಾತಿ ಹೆಂಡತಿಗೆ ಗೋಗರೆದ. "ಸೊಪ್ಪು ಹಾಕಿ ಕಳಿಸಿದ್ರೆ ಅಮ್ಮ ಊರಲ್ಲಿ ತಲೆ ಎತ್ತೋದು ಹೇಗೆ?" ಎಂದಳು ಅವಳು. ಹೀಗಾಗಿ ಮಾವಿನ ಮರದಡಿ ಅವನೊಬ್ಬನೇ ಕೂತು ವಾರ ವಾರವೂ ಕೋಳಿ ತಿಂದ. ಪಕ್ಕದ ಮನೆಯ ಖಿಸಾ, ಮಾಡಲು ಕೆಲಸವಿಲ್ಲದ ಮುದುಕ, ಬೇಲಿಯಾಚೆ ಮುಕ್ಕಾಲಿ ಹಾಕಿಕೊಂಡು ಉದ್ದನೆಯ ಕೊಳವೆಯಲ್ಲಿ ಬುಸಾ ಎಂಬ ಬಿಸಿ ಹೆಂಡ ಹೀರುತ್ತ ಇದನ್ನೆಲ್ಲ ನೋಡುತ್ತಿದ್ದ.

"ಏನಪ್ಪಾ ಅಳಿಯ, ಗಾಡಿ ಎದ್ದೇಳೋದು ಮೊದಲೋ, ಕೋಳಿ ಮುಗಿಯೋದು ಮೊದಲೋ?"

"ಹಿರಿಯರೇ, ನಿಮ್ಮ ಬುಸಾ ಆರಿಹೋಗುತ್ತೆ, ಕುಡೀರಿ."

ಕೆಲಸವೇನು ಸಣ್ಣದೇ? ಬ್ರೇಕುಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು. ತಂತಿಗಳ ನಡುವೆ ಇಲಿಗಳು ಸಂತಾನ ಬೆಳೆಸಿದ್ದವು. ಪೆಟ್ರೋಲ್ ಟ್ಯಾಂಕು ಬಿಚ್ಚಿ, ಒಳಗೆ ಬೆಣಚುಕಲ್ಲು ತುಂಬಿ, ತೋಳು ಬಿದ್ದುಹೋಗುವಷ್ಟು ಕುಲುಕಿ ತುಕ್ಕು ತೆಗೆದ. ಕಾರ್ಬುರೇಟರನ್ನು ಮುದ್ದೆ ಪಾತ್ರೆಯಲ್ಲಿ ಕುದಿಸಿ ಹೆಂಡತಿಯಿಂದ ಉಗಿಸಿಕೊಂಡ. ಅವನಿಗೆ ಗೊತ್ತಿದ್ದುದು ಡೀಸೆಲ್ ಟ್ರ್ಯಾಕ್ಟರು, ಅದಕ್ಕೆ ಪ್ಲಗ್ಗಿಲ್ಲ, ಕಿಡಿಯಿಲ್ಲ, ಈ ಪೆಟ್ರೋಲಿನ ವೈಯಾರ ಯಾವುದೂ ಇಲ್ಲ. ಇಲ್ಲಿ ಪ್ರತಿಯೊಂದನ್ನೂ ತಪ್ಪು ಮಾಡಿಯೇ ಕಲಿಯಬೇಕಾಯಿತು.

ತಪ್ಪು ಮಾಡಿದಾಗಲೆಲ್ಲ ಅಡುಗೆ ಗುಡಿಸಲಿನಿಂದ ದನಿ ಬರುತ್ತಿತ್ತು. ಅಳಿಯನ ಜೊತೆ ಮಾತಾಡಬಾರದು ನಿಜ, ಕೋಳಿಯ ಜೊತೆ ಮಾತಾಡಬಾರದೆಂದು ಯಾರೂ ಹೇಳಿಲ್ಲವಲ್ಲ! ಗುಡಿಸಲಿನ ಗೋಡೆಯಲ್ಲಿ ಹೊಗೆ ಹೋಗುವ ಒಂದು ಕಿಂಡಿಯಿತ್ತು. ನಮರೋಮೆ ಅದರ ಹಿಂದೆ, ಒಂದು ಕುಂಟು ಕೋಳಿಯನ್ನು ಪಕ್ಕಕ್ಕಿಟ್ಟುಕೊಂಡು, ಮಣೆ ಹಾಕಿಕೊಂಡು ಕೂರುತ್ತಿದ್ದಳು.

"ಏ ಕುಂಟಿ, ಪ್ಲಗ್ಗನ್ನ ಆ ಥರ ಬಿಗಿದ್ರೆ ತಲೆ ಕಿತ್ತು ಕೈಗೆ ಬರುತ್ತೆ ಅಂತ ಅಷ್ಟೂ ಗೊತ್ತಾಗಲ್ವೇನೇ ನಿಂಗೆ? ನಮ್ಮನೆಯವರು ಬೆರಳಲ್ಲೇ ತಿರುಗಿಸ್ತಿದ್ರು."

"ನೋಡಪ್ಪಾ," ಸಿತಾತಿ ಬಾನೆಟ್ಟಿಗೆ ಹೇಳಿದ, "ಕೋಳಿಗಳಿಗೆ ಇಷ್ಟೆಲ್ಲ ಗೊತ್ತಿದ್ಮೇಲೆ ಸ್ಪಾನರನ್ನೂ ಅವಕ್ಕೇ ಕೊಟ್ಬಿಡೋಣ."

"ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಲ್ವಾಖಾಖಾ ಮುಟ್ಟಿರ್ತಿದ್ವಿ. ಅಲ್ವೇನೇ ಕುಂಟಿ?"

"ಇಬ್ರೂ ಸ್ವಲ್ಪ ಸುಮ್ನಿರ್ತೀರಾ?" ನಂಜಾಲಾ ನಡುವೆ ನಿಂತು ಕೂಗಿದಳು. "ನನ್ನ ತಲೆ ಏನು ರುಬ್ಬೋ ಕಲ್ಲಾ?"

ಅಂತೂ ಇಂತೂ ಕಾರು ಚಕ್ರದ ಮೇಲೆ ನಿಂತಿತು. ಬ್ರೇಕು ಹಿಡಿಯಿತು. ಬ್ಯಾಟರಿ ಬಂತು, ಪೆಟ್ರೋಲು ಬಂತು. ಕೀ ತಿರುಗಿಸಿದರೆ ಎಂಜಿನ್ನು ಗರಗರ ಸುತ್ತುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಕಿಡಿಯಿಲ್ಲ! ಹೊಸ ಪ್ಲಗ್ ಹಾಕಿದ, ಇಲ್ಲ. ಪಾಯಿಂಟ್ ಉಜ್ಜಿದ, ಇಲ್ಲ. ಬಂಗೋಮಾ ಪೇಟೆಯಿಂದ ಕಿಡಿಗೆ ಕರೆಂಟು ಕೊಡುವ ಕಾಯಿಲನ್ನೇ ಬೇರೆ ತಂದು ಕೂರಿಸಿದ, ಇಲ್ಲ. ಬ್ಯಾಟರಿಯಿಂದ ನೇರ ತಂತಿ ಕೊಟ್ಟ, ಆಗಲೂ ಇಲ್ಲ. ಮುಂದೆ ಹ್ಯಾಂಡಲ್ ಹಾಕಿ ಸುತ್ತಿದ, ಅದು ಜಾರಿ ಅವನ ಹೆಬ್ಬೆರಳು ಉಳುಕಿಸಿತು. ಅಂದು ಆ ಕಾರಿನ ವಂಶದಲ್ಲಿ ಸಿತಾತಿಯ ಬಾಯಿಗೆ ಬೀಳದೆ ಉಳಿದವರಿಲ್ಲ.

ಕಾಯಿಲಿನಿಂದ ಹೊರಟ ತಂತಿಗಳಲ್ಲಿ ಒಂದು ಹೆಚ್ಚಿಗೆ ಇತ್ತು. ಸಿತಾತಿ ಅದನ್ನು ಬೆರಳಲ್ಲೇ ಹಿಂಬಾಲಿಸಿದ. ಅದು ಡ್ಯಾಶ್‌ಬೋರ್ಡಿನ ಹಿಂದೆ ನುಸುಳಿ, ಕಾಲಡಿಯ ರಬ್ಬರ್ ಹಾಸಿನ ಕೆಳಗೆ ಹರಿದು, ಮುಂದಿನ ಎಡಸೀಟಿನ ಅಡಿಗೆ ಹೋಗಿತ್ತು. ಆ ಸೀಟು ಅತ್ತೆಯದು. ಮಾವನ ಪಕ್ಕದಲ್ಲಿ ಅಷ್ಟು ವರ್ಷ ಅವಳು ಕೂತ ಜಾಗ. ಮೊದಲ ದಿನವೇ ಸಿತಾತಿ ಹೆಂಡತಿಯ ಕೈಲಿ ಅದರ ಮೇಲೆ ಒಂದು ಚಾದರ ಹಾಕಿಸಿದ್ದ. ಉಳಿದೆಲ್ಲ ಸೀಟು ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದವನು ಅದೊಂದನ್ನು ಸೋಕಿರಲಿಲ್ಲ. ಈಗಲೂ ಅವನ ಬೆರಳು ಚಾದರದ ಅಂಚಿಗೆ ಬಂದು ನಿಂತಿತು. ಹಿಂದಿನ ದೀಪಕ್ಕೆ ಹೋಗುವ ತಂತಿಯಿರಬೇಕು ಎಂದುಕೊಂಡು ಕೈ ಹಿಂದಕ್ಕೆಳೆದ. ಅಯ್ಯಾ, ಕಾಯಿಲಿನಿಂದ ಹಿಂದಿನ ದೀಪಕ್ಕೆ ಯಾವನು ತಂತಿ ಎಳೆಯುತ್ತಾನೆ?

ಆ ದಿನ ಗುಡಿಸಲಿನ ಒಳಗಿನ ದನಿಯೂ ಬೇರೆ ಥರ ಇತ್ತು.

"ಕುಂಟಿ, ಮೊಟ್ಟೆ ಬೇಕಾದ್ರೆ ಕೋಳಿ ಕೂತ ಜಾಗದ ಅಡಿಗೇ ಕೈ ಹಾಕ್ಬೇಕು. ದೂರ ನಿಂತು ಕೊಕ್ಕೊಕ್ಕೊ ಅಂತ ಕೂಗಿದ್ರೆ ಸಿಗುತ್ತಾ?"

"ಏನಂತೆ?" ಸಿತಾತಿ ಹೆಂಡತಿಯನ್ನು ಕೇಳಿದ.

"ಕೋಳಿ ಕೂತ ಜಾಗ ನೋಡ್ಬೇಕಂತೆ."

ಕೋಳಿಗಳು ಕೂರುತ್ತಿದ್ದುದು ಗಾಡಿಯ ಹಿಂಭಾಗದಲ್ಲಿ. ಸಿತಾತಿ ಅಲ್ಲಿನ ನೆಲದ ತಗಡನ್ನೇ ಎಬ್ಬಿಸಿದ. ಅಡಿಯಲ್ಲಿ ಯಾವ ಕಾಲದ್ದೋ ಒಂದು ಕೊಳೆತ ಮೊಟ್ಟೆ ಸಿಕ್ಕಿತು. ಅದು ಕೈಯಲ್ಲೇ ಟಪ್ಪೆಂದು ಒಡೆಯಿತು. ನಾತಕ್ಕೆ ಖಿಸಾ ಕೂಡ ಮುಕ್ಕಾಲಿ ಎತ್ತಿಕೊಂಡು ಒಳಗೆ ಹೋದ. ಗುಡಿಸಲಿನಿಂದ "ಅಯ್ಯೋ ನನ್ನ ಹಣೆಬರಹವೇ" ಎಂಬ ಮಾತು ಕೇಳಿತು, ಅದು ಯಾವ ಕೋಳಿಗೂ ಹೇಳಿದ್ದಲ್ಲ.

ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ಹೀಗೇ ನಡೆಯಿತು. ಮಳೆಗಾಲ ಶುರುವಾಯಿತು. ಒಂದು ಬುಧವಾರ ಬೆಳಿಗ್ಗೆ ಲ್ವಾಖಾಖಾ ಕಡೆಯ ವ್ಯಾನಿನ ಕಂಡಕ್ಟರ್ ರಸ್ತೆಯಿಂದಲೇ ಕೂಗಿ ಹೇಳಿ ಹೋದ: ನೆಲಿಮಾ ಅನ್ನ ನೀರು ಬಿಟ್ಟಿದ್ದಾಳೆ, ತಂಗಿಯನ್ನು ಕೇಳುತ್ತಿದ್ದಾಳೆ. ಸುದ್ದಿ ತಿಳಿದ ಸಿತಾತಿ ಟ್ರ್ಯಾಕ್ಟರನ್ನು ಕಬ್ಬಿನ ಗದ್ದೆಯಲ್ಲೇ ಬಿಟ್ಟು ಓಡಿಬಂದ. ಅಂದು ಅವನು ಕಾರಿಗೂ ಬಯ್ಯಲಿಲ್ಲ. ಬಗ್ಗಿದ ತಲೆ ಎತ್ತದೆ ಪಾಯಿಂಟು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಮಧ್ಯಾಹ್ನದ ಹೊತ್ತಿಗೆ ಸುತ್ತಿಸಿ ಸುತ್ತಿಸಿ ಬ್ಯಾಟರಿ ಇಳಿದುಹೋಯಿತು. ಬೇರೆ ಬ್ಯಾಟರಿ ಕೇಳಲು ಮಿಷನ್ ಶಾಲೆಯ ಕಡೆ ಹೋದ.

ಬ್ಯಾಟರಿ ಹೆಗಲ ಮೇಲೆ ಹೊತ್ತು ಬಂದಾಗ ಎಡಬಾಗಿಲು ತೆರೆದಿತ್ತು. ಚಾದರ ಮುದ್ದೆಯಾಗಿ ಕೆಳಗೆ ಬಿದ್ದಿತ್ತು. ಅಂಗಳದ ಒದ್ದೆ ಮಣ್ಣಿನಲ್ಲಿ ಗುಡಿಸಲಿನಿಂದ ಕಾರಿನವರೆಗೆ ಏನನ್ನೋ ಎಳೆದ ಗುರುತಿತ್ತು. ಸಿತಾತಿ ಬ್ಯಾಟರಿ ಕಟ್ಟಿ ಕೀ ತಿರುಗಿಸಿದ. ಪಿಜೋ ಒಂದು ಸಲ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಗುಡುಗುಡು ಎಂದು ಓಡತೊಡಗಿತು.

"ಹತ್ತಿತು! ನಂಜಾಲಾ, ಹತ್ತಿತು ಕಣೇ!" ಕಾರಿನಿಂದ ಹೊರಗೆ ಹಾರಿದವನು ಹೆಂಡತಿಯ ಮುಖ ನೋಡಿ ನಿಂತ. ಅವಳ ಕಣ್ಣಲ್ಲಿ ನೀರಿತ್ತು.

"ಅಮ್ಮ ಮಾಡಿದ್ದು" ಎಂದಳು. "ಅಲ್ಲೊಂದು ಸ್ವಿಚ್ ಇದೆಯಂತೆ. ಕಿಟಾಲೆಯಲ್ಲಿ ಒಂದ್ಸಲ ಗಾಡಿ ಕದಿಯೋಕೆ ನೋಡಿದ್ರಲ್ಲ, ಆಮೇಲೆ ಅಪ್ಪ ಕಳ್ಳರಿಗೆ ಅಂತ ಕೂರಿಸಿದ್ರಂತೆ. ಅದನ್ನ ಆರಿಸಿಬಿಟ್ರೆ ಯಾರು ಏನು ಮಾಡಿದ್ರೂ ಗಾಡಿ ಹತ್ತಲ್ಲ. ಇಳಿಯೋವಾಗ ಅಮ್ಮನೇ ಬಗ್ಗಿ ಆರಿಸ್ತಿದ್ಲಂತೆ. ನಂಗೂ ಇವತ್ತೇ ಗೊತ್ತಾಗಿದ್ದು, ತೆವಳ್ಕೊಂಡು ಬಂದು ಕೈ ಹಾಕ್ದಾಗ."

"ಎಲ್ಲಿದೆ?"

ನಂಜಾಲಾ ಗದ್ದದಿಂದ ಸೀಟಿನ ಅಡಿ ತೋರಿಸಿದಳು.

ಸಿತಾತಿಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ದಿನ! ಇಷ್ಟು ದಿನ ನಾನು ಇಲ್ಲಿ ಮಣ್ಣು ತಿಂತಿದ್ದೀನಿ! ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನು ಧಾಡಿ?"

"ಏನಂತ ಹೇಳ್ಬೇಕಿತ್ತು? 'ಅಳಿಯಂದಿರೇ, ನಾನು ಕೂರೋ ಜಾಗದ ಕೆಳಗೆ ಕೈ ಹಾಕಿ' ಅಂತಾನಾ? ನನ್ನ ಕೈಲೋ ಬೇರೆಯವರ ಕೈಲೋ ಹಾಕಿಸಿದ್ರೆ, ಅಳಿಯನ ಕೈಲಿ ಆಗ್ಲಿಲ್ಲ ಅಂತ ಊರೆಲ್ಲ ನಿಮ್ಮನ್ನ ನೋಡಿ ನಗೋದು. ಮುಂದಿನ ವಾರ ಸಿಕ್ಕೇ ಸಿಗುತ್ತೆ, ಮುಂದಿನ ವಾರ ಸಿಕ್ಕೇ ಸಿಗುತ್ತೆ ಅಂತ ಕಾದಿದ್ದಾಳೆ."

ಸಿತಾತಿ ಟೈರಿಗೆ ಒದ್ದ, ಕುಂಟುತ್ತ ಅಂಗಳದಲ್ಲಿ ಎರಡು ಸುತ್ತು ಹಾಕಿದ. 

ಆ ಕ್ಷಣವೇ ಹೊರಟಿದ್ದರೆ? ಹೊರಡಬಹುದಿತ್ತು, ಹೊತ್ತಿನ್ನೂ ಇತ್ತು. ಆದರೆ ಎಂಜಿನ್ ಸದ್ದಿಗೆ ಎದ್ದು ಬಂದ ಖಿಸಾ ಬೇಲಿಗೆ ಒರಗಿ ಕೇಳಿದ, "ಅತ್ತೆ ಅಳಿಯ ಒಂದೇ ಗಾಡೀಲಾ? ಹಿರಿಯರನ್ನ ಒಂದು ಮಾತು ಕೇಳಬೇಡ್ವೇನಪ್ಪಾ? ನಾಳೆ ಮಕ್ಕಳಿಗೆ ಏನಾದ್ರೂ ಆದ್ರೆ ನನ್ನ ಹೆಸರು ಹೇಳ್ಬೇಡಿ."

ಆ ಮಾತು ಬಿದ್ದ ಮೇಲೆ ಮುಗಿಯಿತು. ಹಿರಿಯರನ್ನು ಹುಡುಕಬೇಕಾಯಿತು. ಒಬ್ಬ ಸಂತೆಯಲ್ಲಿದ್ದ, ಇನ್ನೊಬ್ಬ ಎತ್ತಿಗೆ ಔಷಧಿ ತರಲು ಹೋಗಿದ್ದಾನೆ ಎಂದು ಯಾರೋ ಅಂದರು, ಎತ್ತಲ್ಲ ಹಸು ಎಂದು ಇನ್ಯಾರೋ ಅಂದರು. ಎಲ್ಲರೂ ಸೇರಿದ ಮೇಲೆ ಬುಸಾ ಇಲ್ಲದೆ ಮಾತಿಲ್ಲ. ಕುಡಿದರು, ಹಳೆಯ ಕಾಲದಲ್ಲಿ ಹೀಗಿರಲಿಲ್ಲ ಎಂದರು, ಮತ್ತೆ ಕುಡಿದರು. ಕೊನೆಗೆ, ನಡುವೆ ಪರದೆ ಕಟ್ಟಿ, ನಡುಸಾಲಿನಲ್ಲಿ ಮಗಳು ಕೂತರೆ ಆಗಬಹುದು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಕಾರಿನ ದೀಪ ಉರಿಯುತ್ತಿರಲಿಲ್ಲ. ಮಳೆ ಬಿದ್ದ ಆ ಘಾಟಿ ದಾರಿಯಲ್ಲಿ ಕತ್ತಲಲ್ಲಿ ಹೋಗುವಂತಿಲ್ಲ. ಬೆಳಿಗ್ಗೆ ಹೊರಡೋಣ ಎಂದಾಯಿತು.

ಬೆಳಿಗ್ಗೆ ಸಿತಾತಿ ಕಣಜದ ಹಿಂದೆ ಮುಖ ತಿರುಗಿಸಿ ನಿಂತ. ಹೆಂಗಸರು ನಮರೋಮೆಯನ್ನು ಎತ್ತಿ ಹಿಂದಿನ ಹಾಸಿಗೆಯ ಮೇಲೆ ಮಲಗಿಸಿ, ಎರಡು ಚಾದರ ಸೇರಿಸಿ ಹೊಲಿದು ಪರದೆ ಕಟ್ಟಿದರು. ಮುದುಕಿ ಹೊಸ ಲಂಗ ಹಾಕಿಕೊಂಡಿದ್ದಳು. ಅಕ್ಕನಿಗೆ ಇಷ್ಟವೆಂದು ಹೊಗೆಯಲ್ಲಿ ಒಣಗಿಸಿದ ಕಳಲೆಯ ಗಂಟು ಎದೆಗವಚಿಕೊಂಡಿದ್ದಳು. ದಾರಿಯುದ್ದಕ್ಕೂ ಪರದೆಯ ಹಿಂದೆ ಅವಳ ಬಾಯಿಗೆ ಬಿಡುವಿರಲಿಲ್ಲ. "ಮೂರನೇ ಗೇರಿಗೆ ಹಾಕೋಕೆ ಹೇಳು ನಂಜಾಲಾ. ಅಕ್ಕ ಮೊದಲು ಬೈತಾಳೆ ನೋಡು, ಇಷ್ಟು ತಡ ಯಾಕೆ ಅಂತ. ಬೈಲಿ." ಸಿತಾತಿ ಹಲ್ಲು ಕಚ್ಚಿಕೊಂಡು ಮೂರನೇ ಗೇರಿಗೆ ಹಾಕಿದ. ಹೊಳೆ ದಾಟಿದರು, ಏರು ಹತ್ತಿದರು. ಗಾಡಿ ಎಲ್ಲೂ ನಿಲ್ಲಲಿಲ್ಲ.

ನೆಲಿಮಾಳ ಮನೆಯ ತಿರುವಿನಲ್ಲಿ ಅಳುವ ಸದ್ದು ಕೇಳಿಸಿತು. ಪರದೆಯ ಹಿಂದೆ ಮಾತು ನಿಂತಿತು.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ನೆಲಿಮಾಳ ಸೊಸೆ ಓಡಿಬಂದು ಗಾಡಿಯ ಹಿಂಬಾಗಿಲು ಹಿಡಿದುಕೊಂಡು ಅತ್ತಳು. "ಚಿಕ್ಕತ್ತೇ, ಅತ್ತೆ ನಸುಕಿನಲ್ಲಿ ಹೋದ್ಲು. ರಾತ್ರಿಯೆಲ್ಲ ಗಾಡಿ ಸದ್ದು ಬಂತಾ, ಗಾಡಿ ಸದ್ದು ಬಂತಾ ಅಂತ ಕೇಳ್ತಿದ್ಲು. ಗಾಳಿ ಬೀಸಿದ್ರೂ 'ಬಂದ್ಲು, ಬಾಗಿಲು ತೆಗೀರಿ' ಅಂತಿದ್ಲು."

ನಮರೋಮೆ ಅಳಲಿಲ್ಲ. ಹೆಣದ ಪಕ್ಕ ಕಾಲು ಚಾಚಿ ಕೂತು ಅಕ್ಕನ ಕೈಯನ್ನು ಮಣ್ಣಾಗುವವರೆಗೂ ಹಿಡಿದುಕೊಂಡೇ ಇದ್ದಳು. ಸಿತಾತಿ ದೂರದಲ್ಲಿ ಗಂಡಸರ ಜೊತೆ ಇದ್ದ. ಗಾಡಿಯಲ್ಲಿ ಸೌದೆ ತಂದ, ನೀರು ತಂದ, ಹೇಳಿದ್ದೆಲ್ಲ ಮಾಡಿದ. ಯಾರೋ ಗಾಡಿ ಚೆನ್ನಾಗಿದೆ ಎಂದರು. ಅವನು ಮತ್ತೆ ನೀರಿಗೆ ಹೊರಟ.

ಮಣ್ಣಾಗಿ, ತಲೆ ಬೋಳಿಸುವ ಶಾಸ್ತ್ರವೂ ಮುಗಿದ ಮೇಲೆ ವಾಪಸು ಹೊರಟರು. ಮುದುಕಿಯನ್ನು ಹಿಂದೆ ಮಲಗಿಸಿ ಪರದೆ ಎಳೆದರು. ಸಿತಾತಿ ಬಂದು ಕೂತು ಕೀ ತಿರುಗಿಸಿದ. ಗಾಡಿ ಇನ್ನೂ ಬೇಲಿ ದಾಟಿರಲಿಲ್ಲ, ಬೆನ್ನ ಹಿಂದೆ ಬಟ್ಟೆ ಹರಿದ ಸದ್ದಾಯಿತು.

"ಅಮ್ಮಾ! ಏನ್ ಮಾಡ್ತಿದ್ದೀಯಾ!" ನಂಜಾಲಾ ಕಿರುಚಿದಳು.

"ಸಿತಾತಿ" ಎಂದಳು ನಮರೋಮೆ.

ಇಪ್ಪತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು. ಬೋಳಿಸಿದ ತಲೆ, ಸಣ್ಣ ಮುಖ, ನಂಜಾಲಾಳದೇ ಕಣ್ಣು. ಅವನು ತಲೆ ತಗ್ಗಿಸಿದ.

"ನೋಡು, ಪರವಾಗಿಲ್ಲ. ನೋಡಿದ್ರೆ ಯಾರು ಸಾಯ್ತಾರೆ? ಸಾಯೋಳು ಸತ್ತಾಯ್ತು. ಈ ನಾಚಿಕೆಗೆ ನಮ್ಮಕ್ಕನ್ನ ಕೊಟ್ಟೆ. ಇನ್ನು ಏನನ್ನೂ ಕೊಡಲ್ಲ."

ಎಂಜಿನ್ ಗುಡುಗುಡು ಎನ್ನುತ್ತಿತ್ತು.  ಸಿತಾತಿ ತಲೆ ಎತ್ತದೆಯೇ ಹೇಳಿದ, "ಆ ತಂತಿ ನಾನು ನೋಡಿದ್ದೆ ಅತ್ತೆ. ನಿಮ್ಮ ಸೀಟಿನ ಅಡಿಗೆ ಹೋಗಿದ್ದು ನೋಡಿದ್ದೆ."

"ಗೊತ್ತು" ಎಂದಳು ನಮರೋಮೆ. "ನಿನ್ನ ಕೈ ಅಲ್ಲಿಗೆ ಬಂದು ನಿಂತಾಗ ನಾನು ಕಿಂಡಿಯಲ್ಲಿ ಉಸಿರು ಹಿಡ್ಕೊಂಡು ನೋಡ್ತಿದ್ದೆ. ಇನ್ನೊಂದು ಗೇಣು ಮುಂದಕ್ಕೆ ಹೋಗಪ್ಪಾ ಅಂತ ಬಾಯಿ ತುದಿಗೆ ಬಂದಿತ್ತು."